ತಿಂಡಿಯಾದ ಮೇಲಿನ ಮಾತ್ರೆ

ಪಾಲಿಮಯಾಲ್ಜಿಯಾ ಎಂಬ ಉರಿಯೂತದಿಂದ ಭುಜ ಎತ್ತಲಾಗದೆ ಸೆರಗು ಹೊದೆಯಲೂ ಸೊಸೆಯನ್ನು ಕರೆಯುತ್ತಿದ್ದೆ. ದಿನಕ್ಕೆ 15 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾದ ನಾಲ್ಕನೇ ದಿನ ಹೆರಳು ನಾನೇ ಹಾಕಿಕೊಂಡೆ. ಈ ಗುಣವೇ ನನ್ನನ್ನು ಮೋಸಗೊಳಿಸಿತು. ವಾಸಿಯಾಯಿತೆಂದು ಎರಡು ತಿಂಗಳಾಗುತ್ತಲೇ ಮಾತ್ರೆ ನಿಲ್ಲಿಸಿಬಿಟ್ಟೆ. ತಲೆಸುತ್ತು, ವಾಂತಿ, ಎದ್ದು ನಿಲ್ಲಲಾಗದ ನಿತ್ರಾಣ! ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್‌ನ ತಯಾರಿಕೆಯನ್ನು ತಗ್ಗಿಸುತ್ತವೆ. ಮತ್ತೆ ಎಚ್ಚೆತ್ತುಕೊಳ್ಳಲು ಅವಕ್ಕೆ ಸಮಯ ಬೇಕು. ಮೂರು ವಾರ ಮೀರಿ ನುಂಗಿದವರು ವೈದ್ಯರು ಬರೆದುಕೊಟ್ಟಂತೆ ಹಂತಹಂತವಾಗಿಯೇ ಇಳಿಸಬೇಕು. ಆಯಾ ದಿನದ ಪ್ರಮಾಣವನ್ನು ನಾನೀಗ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯುತ್ತೇನೆ.

ಮಾತ್ರೆ ಬೆಳಗಿನ ತಿಂಡಿಯಾದ ಮೇಲೆ. ರಾತ್ರಿ ನುಂಗಿದರೆ ನಿದ್ದೆ ಹಾರುತ್ತದೆ. ಮಂಡಿನೋವಿಗೆಂದು ಡೈಕ್ಲೋಫಿನ್ಯಾಕ್ ಎಂಬ ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ಸೇರಿಸಬೇಡಿ, ಹೊಟ್ಟೆಹುಣ್ಣಾದೀತು. ಸಕ್ಕರೆ, ರಕ್ತದೊತ್ತಡ ನೋಡಿಸಿ. ಮೂಳೆಗೆ ಕ್ಯಾಲ್ಸಿಯಂ ಬೇಕೇ ಎಂದು ವಿಚಾರಿಸಿ. ಜ್ವರ ಬಂದರೆ, ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಎದ್ದರೆ ತಕ್ಷಣ ವೈದ್ಯರಿಗೆ ತಿಳಿಸಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಹಸಿವಂತೂ ವಿಪರೀತ, ಚಕ್ಕುಲಿ ಡಬ್ಬವನ್ನು ಸೊಸೆ ಅಟ್ಟಕ್ಕೇರಿಸಿದ್ದಾಳೆ.