ಹೊರೆ ಹೊತ್ತು ಊರೂರು ಸುತ್ತುವ ಸ್ಟೀಲ್ ಸೈಕಲ್: ಹೇಳಿ ಮಾಡಿಸುವ ಮುನ್ನ

ಸ್ಟೀಲ್ ಫ್ರೇಮ್ ಹೇಳಿ ಮಾಡಿಸಲು ಹೊರಟವರು ಮೊದಲು ಕೇಳುವುದು ‘ರೆನಾಲ್ಡ್ಸ್ ಕೊಳವೆಯೋ, ಕೊಲಂಬಸ್ಸೋ?’ ಎಂದು, ಅಂದರೆ ಯಾವ ಕಂಪನಿಯ ಕೊಳವೆ ಎಂದು. ಅದು ಕೊನೆಗೆ ಬರಬೇಕಾದ ಪ್ರಶ್ನೆ. ಟೈರ್ ಎಷ್ಟು ಅಗಲ, ಹೊರೆ ಎಷ್ಟು ಕೆಜಿ, ಅದು ಹಿಂದೆ ಮಾತ್ರವೋ ಮುಂದೆಯೂ ಇರುತ್ತದೋ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ.

ಘಾಟಿ ರಸ್ತೆಗೂ ಹಳ್ಳಿಯ ಮಣ್ಣುದಾರಿಗೂ 700ಸಿ ಚಕ್ರದಲ್ಲಿ 40 ಮಿ.ಮೀ. ಟೈರ್ ಸಾಕು. ಅದಕ್ಕೆ 50 ಮಿ.ಮೀ. ಅಗಲದ ಮಡ್‌ಗಾರ್ಡ್ ಬೇಕು. ಹಾಗಾಗಿ ಫೋರ್ಕಿನ (ಮುಂಚಕ್ರ ಹಿಡಿಯುವ ಕವಲು) ಕಾಲುಗಳ ನಡುವೆ, ಚೈನ್‌ಸ್ಟೇಗಳ (ಪೆಡಲ್ ಅಚ್ಚಿನಿಂದ ಹಿಂಚಕ್ರದ ಅಚ್ಚಿಗೆ ಹೋಗುವ ಜೋಡಿ ಕೊಳವೆ) ನಡುವೆ 55 ಮಿ.ಮೀ. ಜಾಗ ಕೇಳಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ 10 ಮಿ.ಮೀ. ಬಿಡದಿದ್ದರೆ ಮಳೆಗಾಲದ ಮಲೆನಾಡಿನ ಜೇಡಿ ಅಲ್ಲಿ ಕೂತು ಚಕ್ರವನ್ನೇ ಹಿಡಿದುಬಿಡುತ್ತದೆ. ಇನ್ನೊಂದು: 700ಸಿ ಟೈರನ್ನೂ ‘28 ಇಂಚು’ ಎನ್ನುತ್ತಾರೆ, ಹಾಲಿನವರ ಕರಿ ಸೈಕಲ್ಲಿನ 28 × 1½ ಟೈರೂ 28 ಇಂಚೇ. ಮೊದಲನೆಯದು ಕೂರುವ ರಿಮ್ 622 ಮಿ.ಮೀ., ಎರಡನೆಯದು 635. ಹಳ್ಳಿಯಂಗಡಿಯಲ್ಲಿ ಅದು ಸಿಕ್ಕಿತೆಂದು ಹಿಗ್ಗಬೇಡಿ, ಕೂರುವುದಿಲ್ಲ. ಕುಳ್ಳಗಿರುವವರು 26 ಇಂಚಿನ (559) ಚಕ್ರಕ್ಕೇ ಫ್ರೇಮ್ ಮಾಡಿಸುವುದು ವಾಸಿ. ದೊಡ್ಡ ಚಕ್ರವಾದರೆ ತಿರುವಿನಲ್ಲಿ ಕಾಲ್ಬೆರಳು ಮಡ್‌ಗಾರ್ಡಿಗೆ ತಗಲುತ್ತದೆ.

ಚೈನ್‌ಸ್ಟೇ ಉದ್ದ 450ರಿಂದ 460 ಮಿ.ಮೀ. ಇರಲಿ. ರೇಸ್ ಸೈಕಲ್ಲಿನಲ್ಲಿ ಇದು 410ರ ಆಸುಪಾಸು. ಅಷ್ಟು ಗಿಡ್ಡವಾದರೆ ಪ್ರತಿ ಸುತ್ತಿಗೂ ಹಿಮ್ಮಡಿ ಹಿಂದಿನ ಚೀಲಕ್ಕೆ ಬಡಿಯುತ್ತದೆ. ನಿಮ್ಮ ಬೂಟಿನ ಸೈಜು, ಕೊಳ್ಳಲಿರುವ ಕ್ಯಾರಿಯರ್, ಚೀಲ ಮೂರನ್ನೂ ಫ್ರೇಮ್ ಕಟ್ಟುವವರಿಗೆ ಮೊದಲೇ ತಿಳಿಸಿ.

ಈಗ ಕೊಳವೆ. ಎಲ್ಲ ಸ್ಟೀಲಿನ ಬಿಗುವು ಹೆಚ್ಚುಕಡಿಮೆ ಒಂದೇ. ರೆನಾಲ್ಡ್ಸಿನ ದುಬಾರಿ 853 ಆಗಲಿ, ಸಾದಾ 4130 ಕ್ರೋಮೊಲಿ ಆಗಲಿ, ಅಳತೆ ಒಂದೇ ಆದರೆ ಬಾಗುವುದೂ ಅಷ್ಟೇ. ದುಬಾರಿಯದು ಗಟ್ಟಿ, ಹಾಗಾಗಿ ಗೋಡೆ ತೆಳುವಾಗಿಸಿ ತೂಕ ಇಳಿಸಬಹುದು, ಅಷ್ಟೆ. ಬಿಗುವು ಬರುವುದು ಕೊಳವೆಯ ವ್ಯಾಸದಿಂದ, ಗೋಡೆಯ ದಪ್ಪದಿಂದ. 20-25 ಕೆಜಿ ಹೊರೆಗೆ ಡೌನ್‌ಟ್ಯೂಬ್ (ಹ್ಯಾಂಡಲ್ ಕೆಳಗಿನಿಂದ ಪೆಡಲ್ ಅಚ್ಚಿಗೆ ಇಳಿಯುವ ಕೊಳವೆ) 31.8 ಅಥವಾ 35 ಮಿ.ಮೀ., ಗೋಡೆ 0.9/0.6/0.9 ಎಂದು ಹೇಳಿ: ಬೆಸುಗೆಯ ಕಾವು ತಾಳಲು ತುದಿಗಳು ದಪ್ಪ, ನಡುವೆ ತೆಳು. ಹಗುರವಾಗಲೆಂದು ಟಾಪ್‌ಟ್ಯೂಬನ್ನೂ (ಮೇಲಿನ ಅಡ್ಡ ಕೊಳವೆ) ಸಪೂರ ಮಾಡಿಸಿ, ಸಾಮಾನೆಲ್ಲ ಹಿಂದೆ ಹೇರಿ ಇಳಿಜಾರಿನಲ್ಲಿ ಬಿಟ್ಟರೆ ಹ್ಯಾಂಡಲ್ ಗಡಗಡ ನಡುಗಲು ಶುರುವಾಗುತ್ತದೆ. ಆಮೇಲೆ ಇದಕ್ಕೆ ಮದ್ದು ಕಡಿಮೆ. ಲಗ್ (ಕೊಳವೆ ಸೇರುವಲ್ಲಿ ತೊಡಿಸುವ ಲೋಹದ ತೋಳು) ಹಾಕಿದ ಬೆಸುಗೆಯೋ, ಕೊಳವೆಗೆ ಕೊಳವೆ ನೇರ ಬೆಸೆಯುವ ಟಿಗ್ ವೆಲ್ಡಿಂಗೋ ಎಂಬುದು ಅಂದ, ಹಣದ ಮಾತು. ಕೈ ಪಳಗಿದವರು ಮಾಡಿದರೆ ಎರಡೂ ನಿಲ್ಲುತ್ತವೆ.

ಜನ ಎಡವುವುದು ಸಣ್ಣ ಸಾಮಾನಿನಲ್ಲಿ. ಬಣ್ಣ ಬಿದ್ದ ಮೇಲೆ ಬೆಸೆಯಬೇಕೆಂದರೆ ಆ ಬಣ್ಣ ಸುಡಲೇಬೇಕು. ಹಿಂದಿನ ಡ್ರಾಪ್‌ಔಟಿನಲ್ಲಿ (ಚಕ್ರದ ಅಚ್ಚು ಕೂರುವ ತುದಿ) ಕ್ಯಾರಿಯರಿಗೊಂದು, ಮಡ್‌ಗಾರ್ಡಿಗೊಂದು, ಹೀಗೆ ಪ್ರತಿ ಬದಿಗೂ ಎರಡು ಎಂ5 (5 ಮಿ.ಮೀ. ಬೋಲ್ಟಿನ) ತೂತು ಇರಬೇಕು. ಒಂದರಲ್ಲೇ ಎರಡನ್ನೂ ಉದ್ದ ಬೋಲ್ಟಿನಿಂದ ಬಿಗಿದರೆ ಕುಲುಕಾಟಕ್ಕೆ ಬೋಲ್ಟು ಮುರಿಯುತ್ತದೆ. ಮುಂದೆಯೂ ಚೀಲ ಹಾಕುವುದಾದರೆ ಫೋರ್ಕಿನ ನಡುಭಾಗದಲ್ಲಿ ತೂತು ಬೇಕು. ಡಿಸ್ಕ್ ಬ್ರೇಕಾದರೆ ಹಿಂದಿನ ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) ಸೀಟ್‌ಸ್ಟೇ (ಸೀಟಿನ ಕೆಳಗಿನಿಂದ ಹಿಂಚಕ್ರದ ಅಚ್ಚಿಗೆ ಇಳಿಯುವ ಕೊಳವೆ) ಮೇಲೆ ಬೇಡ, ಚೈನ್‌ಸ್ಟೇಗೂ ಸೀಟ್‌ಸ್ಟೇಗೂ ನಡುವಿನ ಮೂಲೆಯಲ್ಲಿರಲಿ. ಇಲ್ಲವಾದರೆ ಕ್ಯಾರಿಯರಿನ ಕಾಲಿಗೆ ಅಡ್ಡ ಬರುತ್ತದೆ. ಸ್ಟ್ಯಾಂಡ್ ಬೇಕೇ? ಅದಕ್ಕೊಂದು ಪ್ಲೇಟ್ ಬೆಸೆಸಿ. ಸುಮ್ಮನೆ ಕ್ಲಾಂಪ್ ಬಿಗಿದರೆ ತೆಳು ಚೈನ್‌ಸ್ಟೇ ಚಪ್ಪಟೆಯಾಗುತ್ತದೆ. ನೀರಿನ ಬಾಟಲಿ ಮೂರು, ಡೈನಮೊ ವೈರಿಗೆ ದಾರಿ, ಚಕ್ರದ ಬಿಡಿ ಕಡ್ಡಿ (ಸ್ಪೋಕ್) ಸಿಕ್ಕಿಸುವ ಜಾಗ, ಎಲ್ಲವೂ ಪಟ್ಟಿಯಲ್ಲಿರಲಿ.

ಪೆಡಲ್ ಅಚ್ಚು ಕೂರುವ ಶೆಲ್ (ಅಡ್ಡ ಕೊಳವೆ) 68 ಮಿ.ಮೀ. ಅಗಲದ್ದು, ಕಪ್ ತಿರುಗಿಸಿ ಕೂರಿಸುವ ಬಿಎಸ್ಎ ಥ್ರೆಡ್ಡಿನದೇ ಇರಲಿ. ಒತ್ತಿ ಕೂರಿಸುವ ಬೇರಿಂಗು ಕಿರ್ ಎನ್ನುವುದು ಮಾಮೂಲು. ಗೇರಿನಲ್ಲಿ ಮುಂದೆ ಚಿಕ್ಕ ಚೈನ್‌ರಿಂಗ್ 26 ಹಲ್ಲು, ಹಿಂದೆ ದೊಡ್ಡದು 34 ಇಟ್ಟರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 1.7 ಮೀಟರ್ ಸಾಗುತ್ತದೆ. ಆಗುಂಬೆಯ 14 ತಿರುವುಗಳನ್ನು ಹೊರೆಯೊಂದಿಗೆ ಹತ್ತಲು ಇಷ್ಟು ತಗ್ಗಿನ ಗೇರ್ ಬೇಕು.

ಮೈಯ ಅಳತೆಯೊಂದೇ ಕೊಟ್ಟರೆ ಸಾಲದು. ಈಗ ಓಡಿಸುವ ಸೈಕಲ್ಲಿನಲ್ಲಿ ಪೆಡಲ್ ಅಚ್ಚಿನಿಂದ ಸೀಟಿನ ಎತ್ತರ, ಸೀಟಿನ ಮೂತಿಯಿಂದ ಹ್ಯಾಂಡಲಿಗೆ ದೂರ, ಎರಡರ ಎತ್ತರದ ವ್ಯತ್ಯಾಸ ಅಳೆದು, ಎಲ್ಲಿ ನೋವು ಎಂಬುದನ್ನೂ ಸೇರಿಸಿ ಕಳಿಸಿ. ಅವರು ನಕ್ಷೆ ಕಳಿಸುತ್ತಾರೆ. ಕೊಳವೆ ಕತ್ತರಿಸುವ ಮುನ್ನ ಅದರ ಒಂದೊಂದು ಅಂಕಿಯನ್ನೂ ನಿಮ್ಮ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ನಕ್ಷೆಯಲ್ಲಿ ಇಲ್ಲದ್ದು ಫ್ರೇಮಿನಲ್ಲೂ ಇರುವುದಿಲ್ಲ. ಮುಂಗಡ ಎಷ್ಟು, ನಕ್ಷೆ ಒಪ್ಪಿದ ಮೇಲೆ ಬದಲಾವಣೆಗೆ ಎಷ್ಟು ಎಂಬುದೂ ಬರಹದಲ್ಲಿರಲಿ.

ಫ್ರೇಮ್ ಕೈಗೆ ಬಂದಾಗ ಒಂದು ದಾರ ಸಾಕು. ಒಂದು ಬದಿಯ ಡ್ರಾಪ್‌ಔಟಿನಿಂದ ಹೊರಟು ಹೆಡ್‌ಟ್ಯೂಬನ್ನು (ಹ್ಯಾಂಡಲ್ ಕೂರುವ ಮುಂದಿನ ಕೊಳವೆ) ಸುತ್ತಿಕೊಂಡು ಇನ್ನೊಂದು ಬದಿಯ ಡ್ರಾಪ್‌ಔಟಿಗೆ ಬಿಗಿಯಾಗಿ ಎಳೆದು ಕಟ್ಟಿ. ಸೀಟ್‌ಟ್ಯೂಬಿಗೂ ದಾರಕ್ಕೂ ಇರುವ ಅಂತರವನ್ನು ಎರಡೂ ಕಡೆ ಅಳೆಯಿರಿ. 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ವಾಪಸ್ ಕೇಳುವ ಹಕ್ಕು ನಿಮ್ಮದು. ಪೆಡಲ್ ಅಚ್ಚಿನ ಕಪ್ ಬೆರಳಲ್ಲೇ ಮೂರ್ನಾಲ್ಕು ಸುತ್ತು ಸಲೀಸಾಗಿ ತಿರುಗಬೇಕು (ಚೈನಿನ ಬದಿಯದು ಉಲ್ಟಾ ಥ್ರೆಡ್, ಮರೆಯಬೇಡಿ). ಬಿಗಿಯಾಗಿ ಸಿಕ್ಕಿಕೊಂಡರೆ ಬಣ್ಣ ಒಳಗೆ ಹೋಗಿದೆ, ಟ್ಯಾಪ್ ಹಾಕಿಸಿ ಥ್ರೆಡ್ ಶುಚಿ ಮಾಡಿಸಿ.

ಭಾಗಗಳನ್ನು ಜೋಡಿಸುವ ಮುನ್ನ ಕೊಳವೆಗಳ ಒಳಗೆ ತುಕ್ಕುನಿರೋಧಕ ಸ್ಪ್ರೇ, ಅದಿಲ್ಲದಿದ್ದರೆ ಬಣ್ಣದಂಗಡಿಯ ಬಾಯಿಲ್ಡ್ ಲಿನ್ಸೀಡ್ ಎಣ್ಣೆ ಸುರಿದು, ಫ್ರೇಮನ್ನು ಎಲ್ಲ ಕಡೆಗೂ ಓರೆಮಾಡಿ, ಹೆಚ್ಚಾದದ್ದನ್ನು ಸೋರಿಸಿ ಎರಡು ದಿನ ಒಣಗಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳಬಹುದು. ಬಿಚ್ಚಿ ಹರವಿ ಒಣಗಿಸಿ. ಶೆಲ್ಲಿನ ತಳದಲ್ಲಿ ನೀರು ಇಳಿಯುವ ತೂತು ತೆರೆದಿದೆಯೇ ನೋಡಿ. ಸೀಟ್‌ಪೋಸ್ಟಿಗೆ ಗ್ರೀಸ್ ಹಚ್ಚಿ. ಮಂಗಳೂರು, ಕಾರವಾರದ ಕಡೆಯ ಉಪ್ಪುಗಾಳಿಗೆ ಅಲ್ಯೂಮಿನಿಯಂ ಪೋಸ್ಟ್ ಸ್ಟೀಲ್ ಕೊಳವೆಯೊಳಗೆ ಅಂಟಿಕೊಂಡರೆ ಗರಗಸವೇ ಗತಿ. ಮೂರು ತಿಂಗಳಿಗೊಮ್ಮೆ ಹೊರಗೆಳೆದು ಒರೆಸಿ ಮತ್ತೆ ಹಚ್ಚಿ.