ಹಳ್ಳಿ ಮಕ್ಕಳಿಗೆ ಬೈಬಲ್ ಕಥೆ: ರಜೆ ಶಿಬಿರಕ್ಕೆ ಹೊರಟವರಿಗೆ

ಏಪ್ರಿಲ್-ಮೇ ರಜೆಯಲ್ಲಿ ಮೈಸೂರು, ಮಂಡ್ಯದ ಹಳ್ಳಿಗಳಿಗೆ ವಿ.ಬಿ.ಎಸ್. (ಮಕ್ಕಳಿಗೆ ಬೈಬಲ್ ಕಥೆ ಹೇಳುವ ರಜೆ ಶಿಬಿರ) ನಡೆಸಲು ಹೋಗುವ ತಂಡಗಳು ಐದು ದಿನಕ್ಕೆ ಹತ್ತು ಹನ್ನೆರಡು ಕಥೆ ಹೊತ್ತು ಹೋಗುವುದುಂಟು. ದಿನಕ್ಕೆ ಒಂದೇ ಸಾಕು. ಮಿಕ್ಕ ಹೊತ್ತೆಲ್ಲ ಆ ಒಂದು ಕಥೆಯನ್ನು ಮಕ್ಕಳು ಮುಟ್ಟಿ, ಅಳೆದು, ಆಡಿ, ತಮ್ಮ ಬಾಯಲ್ಲೇ ತಿರುಗಿ ಹೇಳುವುದಕ್ಕೆ ಬೇಕು.

ಮೊದಲು ಜಾಗ, ಒಪ್ಪಿಗೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಸಂವಿಧಾನದ 28ನೇ ವಿಧಿ ಅವಕಾಶ ಕೊಡುವುದಿಲ್ಲ. ಮೇಷ್ಟ್ರು ಪರಿಚಯದವರು, ರಜೆಯಲ್ಲಿ ಕೊಠಡಿ ಖಾಲಿಯಿದೆ ಎಂದು ಅಲ್ಲಿ ಕೂರಿಸಬೇಡಿ. ಅನುದಾನಿತ ಶಾಲೆಯಾದರೆ ಅದೇ ವಿಧಿಯ ಪ್ರಕಾರ ಪೋಷಕರ ಒಪ್ಪಿಗೆ ಬೇಕೇ ಬೇಕು. ಚರ್ಚಿನ ಹಾಲ್ ಅಥವಾ ಸಭೆಯವರ, ಅಂದರೆ ಆ ಚರ್ಚಿಗೆ ಸೇರಿದವರ, ಮನೆಯ ಅಂಗಳ ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿಗೂ ಒಂದು ಹಾಳೆಯ ಒಪ್ಪಿಗೆ ಪತ್ರ ಮಾಡಿ: ಬೈಬಲ್ ಕಥೆ ಹೇಳುತ್ತೇವೆ, ಇಂಥ ಹೊತ್ತು, ಇಂಥವರು. ‘ಆಟ-ಪಾಠ’ ಎಂದು ಕರೆದು ಒಳಗೆ ಬೇರೇನೋ ಹೇಳಿದರೆ ಮಾರನೇ ದಿನ ಮಕ್ಕಳೂ ಬರುವುದಿಲ್ಲ, ಮುಂದಿನ ವರ್ಷ ಆ ಊರಿನ ಸಭೆಯವರು ತಲೆ ಎತ್ತುವಂತಿಲ್ಲ. ಬೇರೆ ಧರ್ಮದ ಮನೆಯ ಮಕ್ಕಳಿಂದ ಪ್ರಾರ್ಥನೆ ಮಾಡಿಸುವುದು, ‘ಯಾರು ಯೇಸುವನ್ನು ಒಪ್ಪುತ್ತೀರಿ, ಕೈ ಎತ್ತಿ’ ಎನ್ನುವುದು ಬೇಡವೇ ಬೇಡ. ತಿಂಡಿ ಎಲ್ಲರಿಗೂ ಒಂದೇ: ಮಜ್ಜಿಗೆ, ಚುರುಮುರಿ. ಬಟ್ಟೆ, ಬ್ಯಾಗು ಹಂಚಿದರೆ ಆಮಿಷ ಅನ್ನುತ್ತಾರೆ, ಅನ್ನುವುದರಲ್ಲಿ ತಪ್ಪೂ ಇಲ್ಲ. ಯಾವ ಮಗುವಿನ ಜೊತೆಗೂ ದೊಡ್ಡವರು ಒಬ್ಬರೇ ಇರಬಾರದು, ಸದಾ ಇಬ್ಬರು. ಪೋಷಕರನ್ನು ಕೇಳದೆ ಫೋಟೊ ಬೇಡ.

ಊರಹಬ್ಬ, ಕೊಂಡ, ಸಂತೆ ಯಾವತ್ತೆಂದು ಊರಿನವರನ್ನು ಕೇಳಿಯೇ ದಿನ ಗೊತ್ತುಮಾಡಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆ ಸರಿಯಾದ ಹೊತ್ತು. ಆಮೇಲೆ ಶೀಟಿನ ಛಾವಣಿಯಡಿ ಕೂರಲಾಗುವುದಿಲ್ಲ. ಆರರಿಂದ ಎಂಟು ವರ್ಷದವರು ಒಂದು ಗುಂಪು, ಒಂಬತ್ತರಿಂದ ಹನ್ನೆರಡರವರು ಇನ್ನೊಂದು. ಗುಂಪಿಗೆ ಇಪ್ಪತ್ತೈದು ಮೀರಿದರೆ ಹಿಂದಿನ ಸಾಲು ನಿಮ್ಮ ಕೈತಪ್ಪುತ್ತದೆ.

ಕಥೆ ಹತ್ತು ಹನ್ನೆರಡು ನಿಮಿಷ ದಾಟಬಾರದು. ಸತ್ಯವೇದದ (ಬೈಬಲಿನ) ಭಾಗವನ್ನು ಮೂರು ಸಲ ಓದಿಕೊಂಡು, ಪುಸ್ತಕ ಮುಚ್ಚಿ ಹೇಳಿ. ಓದಿ ಹೇಳಿದರೆ ಗ್ರಂಥದ ಕನ್ನಡ ಮಕ್ಕಳ ತಲೆಯ ಮೇಲಿಂದ ಹೋಗುತ್ತದೆ. ಹಾಗೆಂದು ಮಂಡ್ಯದ ಮಾತನ್ನು ಅನುಕರಿಸಲೂ ಹೋಗಬೇಡಿ. ಅವರು ನಗುವುದು ಕಥೆಗಲ್ಲ, ನಿಮಗೆ.

ಚಿತ್ರಕ್ಕೆ ಫ್ಲಾನೆಲ್ ಬೋರ್ಡು ಇಂದಿಗೂ ಮೊಬೈಲಿಗಿಂತ ವಾಸಿ. ಕರೆಂಟು ಬೇಡ, ಮಕ್ಕಳೇ ಅಂಟಿಸಬಹುದು. ಮೂರಡಿ-ಎರಡಡಿ ಪ್ಲೈವುಡ್ಡಿಗೆ ಫ್ಲಾನೆಲ್ ಬಟ್ಟೆ ಬಿಗಿದು ಹಿಂದೆ ಮೊಳೆ ಹೊಡೆಯಿರಿ. ಚಿತ್ರದ ಬೆನ್ನಿಗೆ ಹೆಬ್ಬೆರಳಗಲದ ಒರಟು ಉಪ್ಪುಕಾಗದದ ತುಂಡು ಎರಡು ಮೂರು ಕಡೆ. ಚಿತ್ರ ಒಂದು ಗೇಣಿಗಿಂತ ಚಿಕ್ಕದಾದರೆ ಹಿಂದಿನವರಿಗೆ ಕಾಣದು. ಬೋರ್ಡನ್ನು ನೆಟ್ಟಗೆ ನಿಲ್ಲಿಸಿದರೆ ಗಾಳಿಗೆ ಎಲ್ಲ ಉದುರುತ್ತದೆ, ಸ್ವಲ್ಪ ಹಿಂದಕ್ಕೆ ವಾಲಿಸಿ.

ಈ ಸೀಮೆಗೆ ಹೇಳಿ ಮಾಡಿಸಿದ ಕಥೆ ಬಿತ್ತುವವನದು (ಬೈಬಲಿನ ಮಾರ್ಕ, 4ನೇ ಅಧ್ಯಾಯ): ದಾರಿಯಲ್ಲಿ ಬಿದ್ದ ಬೀಜ ಹಕ್ಕಿಗಳ ಪಾಲು, ಕಲ್ಲುನೆಲದ್ದು ಮೊಳೆತು ಬಾಡಿತು, ಮುಳ್ಳುಗಿಡಗಳ ನಡುವಿನದನ್ನು ಅವು ಅಡಗಿಸಿದವು, ಒಳ್ಳೆಯ ನೆಲದ್ದು ಫಲ ಕೊಟ್ಟಿತು. ಮೊದಲ ದಿನಕ್ಕೆ ಅದನ್ನೇ ಇಡಿ, ಏಕೆಂದರೆ ಐದೂ ದಿನ ಅದು ಬೆಳೆಯುತ್ತಿರುತ್ತದೆ. ತಳಕ್ಕೆ ತೂತು ಹಾಕಿದ ನಾಲ್ಕು ಟ್ರೇ ಬೇಕು. ಒಂದರಲ್ಲಿ ಕೆಂಪು ಮಣ್ಣು ಕಲಸಿ, ಗುದ್ದಿ, ಹಿಂದಿನ ದಿನವೇ ಒಣಗಿಸಿಡಿ, ಅದು ದಾರಿ. ಇನ್ನೊಂದರಲ್ಲಿ ಜಲ್ಲಿ ತುಂಬಿ ಮೇಲೆ ಅರ್ಧ ಇಂಚು ಮಣ್ಣು. ಮೂರನೆಯದರಲ್ಲಿ ಮಣ್ಣಿನ ಜೊತೆ ಕಳೆ ಗಿಡಗಳನ್ನು ಬೇರುಸಹಿತ ನೆಡಿ. ನಾಲ್ಕನೆಯದಕ್ಕೆ ಗೊಬ್ಬರ ಬೆರೆಸಿದ ಗದ್ದೆ ಮಣ್ಣು.

ಬೀಜಕ್ಕೆ ರಾಗಿ ಬೇಡ, ಬಿದ್ದದ್ದು ಎಲ್ಲೆಂದು ಕಾಣುವುದಿಲ್ಲ. ಹೆಸರುಕಾಳನ್ನು ಶನಿವಾರ ರಾತ್ರಿ ನೆನೆಸಿ, ಭಾನುವಾರ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದದ್ದನ್ನು ಸೋಮವಾರ ಎರಚಿಸಿ. ನೆನೆಸದ ಕಾಳಾದರೆ ಶಿಬಿರ ಮುಗಿಯುವ ಹೊತ್ತಿಗೆ ತೋರಿಸಲು ಹೆಚ್ಚೇನೂ ಇರುವುದಿಲ್ಲ. ಎರಚಿದ ಮೇಲೆ ‘ದಾರಿ’ಯನ್ನು ಹಾಗೇ ಬಿಟ್ಟು, ಮಿಕ್ಕ ಮೂರರಲ್ಲಿ ಕಾಳಿನ ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಸೊಳ್ಳೆಪರದೆಯ ತುಂಡು ಮುಚ್ಚಿ. ‘ದಾರಿ’ಯ ಟ್ರೇ ಕೋಳಿಗಳು ಓಡಾಡುವಲ್ಲಿ ತೆರೆದಿಡಿ, ಅವು ಅರ್ಧ ಗಂಟೆಯಲ್ಲಿ ಪಾಠ ಮುಗಿಸುತ್ತವೆ. ಎಲ್ಲರೂ ತಪ್ಪುವುದು ಜಲ್ಲಿಯ ಟ್ರೇಯಲ್ಲಿ: ಮಕ್ಕಳು ಪ್ರೀತಿಯಿಂದ ದಿನಾ ನೀರು ಹಾಕುತ್ತಾರೆ, ಅದೂ ಚೆನ್ನಾಗಿಯೇ ಚಿಗುರುತ್ತದೆ, ಕಥೆ ಸುಳ್ಳಾದಂತೆ ಕಾಣುತ್ತದೆ. ಬುಧವಾರದವರೆಗೆ ನೀರು ಕೊಡಿಸಿ, ಗುರುವಾರದಿಂದ ನಿಲ್ಲಿಸಿ ಬಿಸಿಲಿಗಿಡಿ, ಶುಕ್ರವಾರಕ್ಕೆ ಬಾಡಿರುತ್ತದೆ. ಕಳೆ ಪೈರನ್ನು ಅಡಗಿಸುವುದು ಐದು ದಿನದಲ್ಲಿ ಆಗುವ ಮಾತಲ್ಲ. ಅದನ್ನು ಮಕ್ಕಳನ್ನೇ ಕೇಳಿ, ಕಳೆ ಕೀಳದ ಗದ್ದೆಯ ಗತಿ ನಿಮಗಿಂತ ಅವರಿಗೆ ಗೊತ್ತು. ನಾಟಿ ಹಾಕುವುದನ್ನು ನೋಡಿ ಬೆಳೆದ ಹುಡುಗ ‘ದಾರಿ ಮೇಲೆ ಯಾಕೆ ಬಿತ್ತಿದ, ದಡ್ಡನಾ?’ ಎನ್ನುತ್ತಾನೆ. ಕೈಯಲ್ಲಿ ಚೆಲ್ಲಿ ಬಿತ್ತುವಾಗ ಅಂಚಿಗೂ ಬೀಳುತ್ತದೆ ಎಂದು ಎರಚಿಯೇ ತೋರಿಸಿ.

ದಾವೀದನ ಕಥೆಗೆ ಅಳತೆ ಕೆಲಸ ಕೊಡಿ. ಅವನು ಕವಣೆಕಲ್ಲಿನಿಂದ ಬೀಳಿಸಿದ ದೈತ್ಯ ಗೊಲ್ಯಾತನ ಎತ್ತರ ಆರೂವರೆ ಮೊಳ. ಮಕ್ಕಳ ಮೊಳ ಹಾಕಿದರೆ ಗೊಲ್ಯಾತ ಕುಳ್ಳನಾಗುತ್ತಾನೆ. ಮೊಳಕ್ಕೆ ಹದಿನೆಂಟು ಇಂಚು ಹಿಡಿದು ಗೋಡೆಯ ಮೇಲೆ ಒಂಬತ್ತೂಮುಕ್ಕಾಲು ಅಡಿಗೆ ಸುಣ್ಣದ ಗೆರೆ ಎಳೆಯಿರಿ. ಹಕ್ಕಿ ಓಡಿಸುವ ಕವಣೆ ಕಂಡ ಮಕ್ಕಳಿದ್ದರೆ ವಿವರಣೆಯೇ ಬೇಡ. ಆಡಿಸುವಾಗ ಮಾತ್ರ ಕಲ್ಲಿನ ಬದಲು ಕಾಗದದ ಉಂಡೆ. ನೋಹನ ನಾವೆ ಮುನ್ನೂರು ಮೊಳ ಉದ್ದ, ಅಂದರೆ ಐವತ್ತಡಿ ಹಗ್ಗ ಒಂಬತ್ತು ಸಲ, ಬಯಲಲ್ಲಿ ಎಳೆಸಿ.

ಒಳ್ಳೆಯ ಸಮಾರ್ಯದವನ ಕಥೆಯಲ್ಲಿ (ಲೂಕ 10) ಕಳ್ಳರು ಹೊಡೆದು ಬಿಸಾಡಿದವನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಕಂಡು ದಾಟಿಹೋಗುತ್ತಾರೆ, ಕಾಪಾಡುವವನು ಹೊರಗಿನವನಾದ ಸಮಾರ್ಯದವನು. ಆ ದಾರಿ ಜೆರೂಸಲೇಮಿನಿಂದ ಯೆರಿಕೋಗೆ ಸುಮಾರು ಒಂದು ಸಾವಿರ ಮೀಟರ್ ಇಳಿಜಾರು. ಚಾಮುಂಡಿ ಬೆಟ್ಟವನ್ನು ಮೂರು ಸಲ ಇಳಿದಷ್ಟು ಎಂದರೆ ಥಟ್ಟನೆ ಹಿಡಿಯುತ್ತಾರೆ. ಆದರೆ ಯಾಜಕ, ಲೇವಿಯ, ಸಮಾರ್ಯದವನ ಜಾಗಕ್ಕೆ ಊರಿನ ಜಾತಿಗಳ ಹೆಸರು ಹಾಕಬೇಡಿ. ಆ ಜಾತಿಯ ಮಕ್ಕಳು ನಿಮ್ಮ ಮುಂದೆಯೇ ಕೂತಿರುತ್ತಾರೆ. ಒಬ್ಬರಿಗೊಬ್ಬರು ಹೊಕ್ಕು ಬಳಸದ ಎರಡು ಜನ ಎಂದರೆ ಸಾಕು, ಉಳಿದದ್ದು ಅವರಿಗೇ ಹೊಳೆಯುತ್ತದೆ. ನೂರು ಕುರಿಯಲ್ಲಿ ಕಳೆದ ಒಂದನ್ನು ಹುಡುಕಿ ಹೋಗುವವನ ಕಥೆಯಲ್ಲಿ ಬನ್ನೂರು ಕುರಿ ಮೇಯಿಸುವ ಮನೆಯ ಮಗು ‘ಉಳಿದ ತೊಂಬತ್ತೊಂಬತ್ತನ್ನು ಯಾರಿಗೆ ಬಿಟ್ಟ?’ ಎಂದು ಕೇಳಿದರೆ ಉತ್ತರ ಹೊಸೆಯಬೇಡಿ. ಅಡವಿಯಲ್ಲಿ ಬಿಟ್ಟ ಎಂದಷ್ಟೇ ಲೂಕನಲ್ಲಿದೆ. ವಾದ ಮಾಡಲಿ ಬಿಡಿ.

ಬಾಯಿಪಾಠಕ್ಕೆ ಕೊಡುವ ಬೈಬಲ್ ವಚನ ಎಂಟು ಹತ್ತು ಪದದ್ದಿರಲಿ. ಬೋರ್ಡಿನ ಮೇಲೆ ಬರೆದು, ಒಂದೊಂದು ಸಲ ಓದಿದಾಗಲೂ ಒಂದು ಪದ ಒರೆಸುತ್ತಾ ಹೋಗಿ. ಬೋರ್ಡು ಖಾಲಿಯಾಗುವಷ್ಟರಲ್ಲಿ ಬಾಯಿಗೆ ಬಂದಿರುತ್ತದೆ. ಕೊನೆಗೆ ‘ಏನು ಕಲಿತಿರಿ?’ ಎಂದು ಕೇಳಿದರೆ ‘ಒಳ್ಳೆಯವರಾಗಿರಬೇಕು’ ಎಂಬ ಉರು ಉತ್ತರವೇ ಗ್ಯಾರಂಟಿ. ‘ಆಮೇಲೆ ಏನಾಯಿತು?’, ‘ನೀನಾಗಿದ್ದರೆ?’ ಎಂದು ಕೇಳಿ.

ಹೊರಡುವಾಗ ಬೋರ್ಡು, ಚಿತ್ರ, ಹೇಳಿದ ಕಥೆಗಳ ಪಟ್ಟಿಯನ್ನು ಆ ಊರಿನ ಸಂಡೇ ಸ್ಕೂಲ್ ಟೀಚರಮ್ಮನಿಗೆ ಒಪ್ಪಿಸಿ. ಅವರು ಮೊದಲ ದಿನದಿಂದ ಪಕ್ಕದಲ್ಲಿದ್ದು, ನಾಲ್ಕನೇ ದಿನದ ಕಥೆಯನ್ನು ಅವರೇ ಹೇಳಿದ್ದರೆ ಮುಂದಿನ ಭಾನುವಾರದಿಂದ ಕೆಲಸ ನಿಲ್ಲುವುದಿಲ್ಲ.