ಕುಡಿತ ಬಿಡುವವರ ಸಭೆಗೆ ಹೋಗುವುದು ಹೇಗೆ?

ಅಯ್ಯಪ್ಪನ ಮಾಲೆ ಧರಿಸಿದಷ್ಟು ದಿನ ಒಂದು ತೊಟ್ಟನ್ನೂ ಮುಟ್ಟದೆ ಇದ್ದು, ಮಾಲೆ ತೆಗೆದ ವಾರದಲ್ಲೇ ಮತ್ತೆ ಬಾರಿನ ಮುಂದೆ ನಿಂತವರನ್ನು ಮಂಡ್ಯ, ಮೈಸೂರಿನ ಎಷ್ಟೋ ಮನೆಗಳು ಕಂಡಿವೆ. ಅಂಥವರಿಗೆ ಬಿಡುವ ಮನಸ್ಸೇ ಇಲ್ಲವೆಂದು ತೀರ್ಮಾನಿಸುವುದು ಅನ್ಯಾಯ. ಮಾಲೆ ಹಾಕಿದ್ದಾಗ ಒಟ್ಟಿಗೆ ಭಜನೆ ಮಾಡುವವರು, ಪಕ್ಕದಲ್ಲಿ ಕುಳಿತು ಉಣ್ಣುವವರು, ‘ಸ್ವಾಮಿ’ ಎಂದು ಗೌರವದಿಂದ ಕರೆಯುವವರು ಇರುತ್ತಾರೆ. ಮಾಲೆ ತೆಗೆದ ಮೇಲೆ ಆ ಬಳಗವೂ ಚದುರಿಹೋಗುತ್ತದೆ. ಕುಡಿತ ಬಿಡುವವರ ಸಭೆಯೆಂದರೆ ವರ್ಷವಿಡೀ ಚದುರದೆ ಉಳಿಯುವ ಅಂಥದೊಂದು ಬಳಗ.

ಸಭೆ ಹುಡುಕುವುದಕ್ಕೂ ಮೊದಲು ಮಾಡಬೇಕಾದದ್ದು ವೈದ್ಯರ ಭೇಟಿ. ದಿನವೂ ಹೆಚ್ಚು ಕುಡಿಯುವವರು, ಬೆಳಿಗ್ಗೆ ಎದ್ದೊಡನೆ ಕೈ ನಡುಗುವವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣಿಸುವುದು, ದಿಕ್ಕು ತಪ್ಪಿದಂತೆ ಮಾತನಾಡುವುದು ಶುರುವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ಇದಕ್ಕೆ ಚಿಕಿತ್ಸೆ ದೊರೆಯುತ್ತದೆ. ಹೊರಡಲು ಧೈರ್ಯ ಸಾಲದಿದ್ದರೆ 14416ಕ್ಕೆ, ಅಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೆಯವರಿಗೂ ಒಂದು ಮಾತು: ಕುಡಿಯುವವರಿಗೆ ತಿಳಿಯದಂತೆ ಕಾಫಿಯಲ್ಲೋ ಸಾರಿನಲ್ಲೋ ಪುಡಿ, ಮಾತ್ರೆ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಮ್ ಎಂಬ ಕುಡಿತ ಬಿಡಿಸುವ ಔಷಧಿ ಇದ್ದು, ಅದರ ಮೇಲೆ ಅವರು ಕುಡಿದರೆ ರಕ್ತದೊತ್ತಡ ಕುಸಿದು ಹೃದಯಕ್ಕೇ ಪೆಟ್ಟಾಗಬಹುದು.

ನಮ್ಮ ಕಡೆ ಮುಖ್ಯವಾಗಿ ಎರಡು ಬಗೆಯ ಬಳಗಗಳನ್ನು ವಿಚಾರಿಸಬಹುದು. ಮೊದಲನೆಯದು ಆಲ್ಕೋಹಾಲಿಕ್ಸ್ ಅನಾನಿಮಸ್, ರೂಢಿಯಲ್ಲಿ ಎಎ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ, ಕುಡಿತದಿಂದ ಬಸವಳಿದಿದ್ದ ಒಬ್ಬ ಷೇರು ವ್ಯವಹಾರಸ್ಥರೂ ಒಬ್ಬ ಶಸ್ತ್ರವೈದ್ಯರೂ ಎದುರುಬದುರು ಕುಳಿತು ಮಾತನಾಡಿದ್ದೇ ಇದರ ಆರಂಭ. ಶುಲ್ಕವಿಲ್ಲ, ಅರ್ಜಿಯಿಲ್ಲ, ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದೇ ಸದಸ್ಯತ್ವಕ್ಕೆ ಸಾಕು. ಎರಡನೆಯದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ. ಶಿಬಿರ ಮುಗಿಸಿದವರು ನವಜೀವನ ಸಮಿತಿಯಾಗಿ ಸೇರುತ್ತಾರೆ. ಹಳ್ಳಿಯಲ್ಲಿರುವವರು ಯೋಜನೆಯ ಸೇವಾಪ್ರತಿನಿಧಿಯನ್ನು ಕೇಳಿದರೆ ಹತ್ತಿರದ ಶಿಬಿರದ ವಿವರ ಸಿಗುತ್ತದೆ.

ಎಎ ಸಭೆಗಳ ವಿವರವನ್ನು ಅದರ ಭಾರತದ ಜಾಲತಾಣದಲ್ಲಿ ನೋಡಬಹುದು, ಇಲ್ಲವೇ ಮನೋವೈದ್ಯ ವಿಭಾಗದ ಆಪ್ತಸಮಾಲೋಚಕರನ್ನು ಕೇಳಬಹುದು. ಸ್ಥಳ, ಸಮಯ ಬದಲಾಗುತ್ತಿರುವುದರಿಂದ ಹೋಗುವ ಮುನ್ನ ಫೋನ್ ಮಾಡಿ, ಮಾತುಕತೆ ಕನ್ನಡದಲ್ಲಿರುತ್ತದೆಯೇ, ಸಭೆ ಎಲ್ಲರಿಗೂ ತೆರೆದದ್ದೋ ಕುಡಿತದ ತೊಂದರೆಯಿರುವವರಿಗೆ ಮಾತ್ರವೋ ಎಂಬುದನ್ನು ಕೇಳಿಕೊಳ್ಳಿ. ತೆರೆದ ಸಭೆಯಾದರೆ ಹೆಂಡತಿಯನ್ನೋ ಅಣ್ಣನನ್ನೋ ಜೊತೆಗೆ ಕರೆದೊಯ್ಯಬಹುದು. ಕೊಠಡಿ ಚರ್ಚಿನದ್ದಾಗಿರಬಹುದು, ಶಾಲೆಯದ್ದಾಗಿರಬಹುದು. ಎಎ ಯಾವ ಮತಕ್ಕೂ ಸೇರಿದ್ದಲ್ಲ. ಊರಿನವರ ಕಣ್ಣಿಗೆ ಬೀಳುವ ಅಳುಕಿದ್ದರೆ ಮಂಡ್ಯದವರು ಮೈಸೂರಿನ ಸಭೆಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಸುಮಾರು 45 ಕಿ.ಮೀ. ದಾರಿ, ವಾಪಸು ರೈಲಿನ ಹೊತ್ತನ್ನು ಮೊದಲೇ ನೋಡಿಕೊಂಡಿರಬೇಕು, ಇಲ್ಲವಾದರೆ ಸಭೆಯ ಅರ್ಧ ಹೊತ್ತು ಗಡಿಯಾರ ನೋಡುವುದರಲ್ಲೇ ಕಳೆಯುತ್ತದೆ.

ಅತಿ ಕಷ್ಟದ ಕೆಲಸವೆಂದರೆ ಬಾಗಿಲು ದಾಟುವುದು. ಗೇಟಿನವರೆಗೆ ಬಂದು ಹಿಂತಿರುಗುವುದು ಯಾರಿಗಾದರೂ ಆಗಬಹುದು. ಹತ್ತು ನಿಮಿಷ ಮುಂಚೆ ಹೋಗಿ, ಕುರ್ಚಿ ಜೋಡಿಸುತ್ತಿರುವವರಿಗೆ ‘ನಾನು ಹೊಸಬ’ ಎಂದರೆ ಸಾಕು, ಅವರೇ ಕೂರಿಸುತ್ತಾರೆ. ಪೂರ್ತಿ ಹೆಸರು, ಜಾತಿ, ಕೆಲಸ, ವಿಳಾಸ ಯಾವುದನ್ನೂ ಹೇಳಬೇಕಾಗಿಲ್ಲ. ಸಭೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಒಬ್ಬೊಬ್ಬರೇ ತಮ್ಮ ಕುಡಿತದ ದಿನಗಳನ್ನೂ ಬಿಟ್ಟ ಮೇಲಿನ ದಿನಗಳನ್ನೂ ಹೇಳಿಕೊಳ್ಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎನ್ನಬಹುದು. ಕೊನೆಯಲ್ಲಿ ಕಾಣಿಕೆಯ ಡಬ್ಬ ಬರುತ್ತದೆ. ಹೊಸಬರು ಹಾಕದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟುಬರುವುದು ಮಾತ್ರ ಎಲ್ಲರೂ ಪಾಲಿಸಬೇಕಾದ ನಿಯಮ.

ಒಂದೇ ಸಭೆಯಿಂದ ಇದು ನನಗಲ್ಲ ಎಂದು ತೀರ್ಮಾನಿಸಬೇಡಿ. ನಾಲ್ಕೈದು ಬಾರಿ ಹೋಗಿ ನೋಡಿ. ವರ್ಷಗಳಿಂದ ಕುಡಿಯದೆ ಇರುವ ಒಬ್ಬರನ್ನು ಸ್ಪಾನ್ಸರ್ ಆಗಿ ಕೇಳಿಕೊಳ್ಳುವ ಪದ್ಧತಿಯಿದೆ: ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಕುಡಿಯಬೇಕೆನಿಸಿದ ಗಳಿಗೆಯಲ್ಲಿ ಫೋನ್ ಮಾಡುವುದು ಅವರಿಗೇ. ವೈದ್ಯರು ಕೊಟ್ಟ ಮಾತ್ರೆಯನ್ನು ಸಭೆಯಲ್ಲಿ ಯಾರೋ ಹೇಳಿದರೆಂದು ನಿಲ್ಲಿಸಬಾರದು. ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವಿದೆ. ಕುಡಿಯುವವರು ಸಭೆಗೆ ಬರಲು ಒಪ್ಪದಿದ್ದರೂ ಹೆಂಡತಿ, ತಾಯಿ, ದೊಡ್ಡ ಮಕ್ಕಳು ಅಲ್ಲಿಗೆ ಹೋಗಬಹುದು, ಹೋಗಬೇಕು. ಅವರ ನೋವಿಗೂ ಕೇಳುವ ಕಿವಿ ಬೇಕು.

ಮಧ್ಯೆ ಒಮ್ಮೆ ಕುಡಿದುಬಿಟ್ಟರೆ ಮುಖ ತೋರಿಸುವುದು ಹೇಗೆಂದು ಸಭೆ ತಪ್ಪಿಸಬೇಡಿ; ಅಲ್ಲಿರುವವರಲ್ಲಿ ಅನೇಕರು ಹಾಗೆ ಬಿದ್ದು ಎದ್ದವರೇ. ನಮ್ಮ ಕಡೆ ಹೆಚ್ಚು ಜೋಪಾನವಾಗಿರಬೇಕಾದ ದಿನ ಯುಗಾದಿಯ ಮರುದಿನದ ಹೊಸತೊಡಕು. ಬೆಳಿಗ್ಗೆಯೇ ಸ್ಪಾನ್ಸರ್‌ಗೆ ಕರೆ ಮಾಡಿ, ಬಾಡೂಟಕ್ಕೆ ಹೋಗಲೇಬೇಕಿದ್ದರೆ ವಿಷಯ ಬಲ್ಲ ಒಬ್ಬರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ, ಉಂಡು ಕೈ ತೊಳೆದ ಕೂಡಲೇ ಅಲ್ಲಿಂದ ಹೊರಡಿ.